ಕಲೆಯ ಇತಿಹಾಸ ಓದಬಯಸುವ ಮಕ್ಕಳು

ಪದವಿ ಪರೀಕ್ಷೆಯ ಫಲಿತಾಂಶ ಬಂದೊಡನೆ ಗೊರಗುಂಟೆಪಾಳ್ಯ, ಪೀಣ್ಯ, ಯಶವಂತಪುರಗಳ ನಮ್ಮ ಕುಟುಂಬಗಳಲ್ಲಿ ‘ಮುಂದೇನು?’ ಎಂಬ ಪ್ರಶ್ನೆ ಏಳುವುದು ಸಹಜ. ಕಾರ್ಖಾನೆಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ತಂದೆತಾಯಂದಿರು, ಮಗಳು ಮಧ್ಯಯುಗದ ಕಲೆಯ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆಯುವೆನೆಂದರೆ ಗಾಬರಿಗೊಳ್ಳುವುದೂ ಸಹಜವೇ. ಆದರೆ ‘ಅದರಿಂದ ಹೊಟ್ಟೆ ತುಂಬುವುದೇ?’ ಎಂಬ ಒಂದೇ ಮಾತಿನಿಂದ ಆ ಹಂಬಲವನ್ನು ಚಿವುಟಿಹಾಕುವುದು ತರವಲ್ಲವೆಂದು ನಾವು ಭಾವಿಸುತ್ತೇವೆ.

ಈ ವಿದ್ಯೆ ನಮಗೆ ಪರಕೀಯವೇನಲ್ಲ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರಲ್ಲಿ ಅಡಿಗಲ್ಲು ಬಿದ್ದಿತು. ಅದಕ್ಕೆ ಸ್ಫೂರ್ತಿಯೆನ್ನಲಾಗುವ ಜರ್ಮನಿಯ ಕಲೋನ್ ಪ್ರಧಾನಾಲಯದ ಕಾರ್ಯ 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿಯಿತು. ಅದರಲ್ಲಿ ಮಧ್ಯಯುಗದ್ದೆಷ್ಟು, ಹತ್ತೊಂಬತ್ತನೆಯ ಶತಮಾನದ್ದೆಷ್ಟು ಎಂದು ಬಿಡಿಸಿ ಹೇಳಬಲ್ಲವರು ಕಲಾ ಇತಿಹಾಸಕಾರರು. ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟುವ, ಹಳೆಯ ಸ್ವರೂಪಗಳಿಗೆ ಹೊಸ ಬಣ್ಣ ಬಳಿಯುವ ಉತ್ಸಾಹದ ನಡುವೆ, ಉಳಿಸಬೇಕಾದದ್ದು ಯಾವುದೆಂದು ಬಲ್ಲವರು ನಮ್ಮಲ್ಲಿ ಕೆಲವರಾದರೂ ಬೇಡವೇ?

ಆದರೆ ಆಯ್ಕೆಯಲ್ಲಿ ಎಚ್ಚರ ಅಗತ್ಯ. ವಿದೇಶದ ವಿಶ್ವವಿದ್ಯಾನಿಲಯದ ಹೆಸರಿಗೆ ಮರುಳಾಗಿ ಮನೆಪತ್ರ ಅಡವಿಡುವ ಮುನ್ನ ಮೂರು ಸಂಗತಿಗಳನ್ನು ತೂಗಿ ನೋಡಬೇಕು. ಮೊದಲನೆಯದು ಗುರು: ಅಲ್ಲಿ ಮಧ್ಯಯುಗವನ್ನು ಬೋಧಿಸುವವರು ಯಾರು, ಅವರ ವಿದ್ಯಾರ್ಥಿಗಳು ಇಂದು ಯಾವ ಉದ್ಯೋಗದಲ್ಲಿದ್ದಾರೆ? ಎರಡನೆಯದು ಭಾಷೆ: ಯೂರೋಪಿನ ಮಧ್ಯಯುಗಕ್ಕೆ ಲ್ಯಾಟಿನ್ ಬೇಕೇ ಬೇಕು. ಯಶವಂತಪುರ ದಾಟಿದರೆ ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠವಿದೆ. ಲ್ಯಾಟಿನ್ ಬಲ್ಲ ಗುರುಗಳ ಮಾರ್ಗದರ್ಶನವನ್ನು ಮಕ್ಕಳು ಸಂಕೋಚವಿಲ್ಲದೆ ಕೇಳಲಿ. ಮೂರನೆಯದು ಹಣ: ವಿದ್ಯಾರ್ಥಿವೇತನದ ಭರವಸೆ ಬರಹದಲ್ಲಿ ಕೈಸೇರುವ ತನಕ ಸಾಲಕ್ಕೆ ಸಹಿ ಹಾಕಬಾರದು.

ಮಧ್ಯಯುಗವೆಂದರೆ ಯೂರೋಪು ಮಾತ್ರವೆಂದೂ ತಿಳಿಯಬೇಕಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇಗುಲ ಅದೇ ಯುಗಕ್ಕೆ ಸೇರಿದ್ದು; ಹಳೇಬೀಡು, ಸೋಮನಾಥಪುರಗಳೊಂದಿಗೆ 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲಾ ಇತಿಹಾಸವನ್ನು ಬೋಧಿಸುವ ಚಿತ್ರಕಲಾ ಪರಿಷತ್ತು ನಮ್ಮ ನಗರದಲ್ಲೇ ಇದೆ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ ಹೆಸರಾಂತ ವಿಭಾಗವಿದೆ. ಇಲ್ಲಿ ಸ್ನಾತಕೋತ್ತರ ಪದವಿಯಿಂದ ಬುನಾದಿ ಹಾಕಿಕೊಂಡು, ಬಳಿಕ ವಿದ್ಯಾರ್ಥಿವೇತನದೊಡನೆ ಸಂಶೋಧನೆಗೆ ಹೊರನಾಡಿಗೆ ತೆರಳುವುದೇ ಸಾಧಾರಣ ಕುಟುಂಬಕ್ಕೆ ಕ್ಷೇಮಕರ.

ಬೋಧನೆ, ವಸ್ತುಸಂಗ್ರಹಾಲಯ, ಪರಂಪರೆಯ ಸಂರಕ್ಷಣೆ - ಈ ಕ್ಷೇತ್ರಗಳಲ್ಲಿ ಹುದ್ದೆಗಳು ವಿರಳವೆಂಬುದನ್ನು ಮಕ್ಕಳಿಂದ ಮರೆಮಾಚಬಾರದು. ಅದನ್ನರಿತೂ ಮಗಳು ಮುಂದಡಿಯಿಟ್ಟರೆ, ತಂದೆತಾಯಂದಿರೇ, ಒಮ್ಮೆ ಅವಳೊಡನೆ ಬೇಲೂರಿಗೆ ಹೋಗಿ ಬನ್ನಿ. ಅವಳು ಕಂಡದ್ದನ್ನು ನೀವೂ ಕಂಡ ಬಳಿಕ ನಿರ್ಧಾರ ಕೈಗೊಳ್ಳಿರಿ.