ಲಿನಕ್ಸ್‌ನ ಬೈಯ್ಯೋಕ್ಕಿಂತ ಮೊದಲು ಬಿಲ್ ತೆಗೆದು ನೋಡ್ರಿ

1/6
"ಲಿನಕ್ಸ್ ಹಾಕಿದ್ಯಾ? ಹೋತು ಬಿಡು, ಇನ್ನ ಗ್ರಾಫಿಕ್ಸ್ ಕಾರ್ಡ್ ಓಡಂಗಿಲ್ಲ."
ಈ ಮಾತು ಹೇಳೋರು ನೀವೇ ದೋಸ್ತರೇ, ಅದಕ್ಕೇ ಈ ಸರಣಿ ನಿಮಗೇ. ನಿಮ್ಮ ಗೇಮಿಂಗ್ ಲ್ಯಾಪ್‌ಟಾಪಿನ ಬಿಲ್ ತೆಗೀರಿ. ಪ್ರೊಸೆಸರ್ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಐತಿ. ಅದರ ಜೊತೆ ಎನ್ವಿಡಿಯಾದ ಕಾರ್ಡ್ ಬ್ಯಾರೆ. ಎರಡಕ್ಕೂ ದುಡ್ಡು ಕೊಟ್ಟೀರಿ, ಎರಡರ ಮೇಲೂ 18% ಜಿಎಸ್‌ಟಿ ಕಟ್ಟೀರಿ. ಎರಡನೇದು ಓಡಲಿಲ್ಲ ಅಂದ್ರ ಯಾರನ್ನ ಕೇಳಬೇಕು? ಪುಕ್ಕಟೆ ಸಿಕ್ಕ ಲಿನಕ್ಸನ್ನೋ, ರೊಕ್ಕ ತಗೊಂಡ ಕಂಪನಿಯನ್ನೋ?

2/6
ಮೊದಲು ಒಳಗ ಏನು ನಡೀತೈತಿ ನೋಡೋಣ. ಶಿವಯೋಗ ಮಂದಿರದ ಪ್ರಸಾದಕ್ಕೆ ಕೂತವರಿಗೆ ಇದು ಬೇಗ ತಿಳೀತೈತಿ. ಒಳಗ ಅಡಿಗೆ ಮಾಡೋರು ಬ್ಯಾರೆ, ಪಂಕ್ತಿಗೆ ಬಡಸೋರು ಬ್ಯಾರೆ. ಬಹಳಷ್ಟು ಲ್ಯಾಪ್‌ಟಾಪಿನಲ್ಲಿ ಪರದೆ ಜೋಡಿಸಿರೋದು ಸಣ್ಣ ಗ್ರಾಫಿಕ್ಸ್‌ಗೆ. ಅದು ಬಡಸೋದು. ಗೇಮ್, ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸ ಬಂದಾಗ ದೊಡ್ಡ ಕಾರ್ಡ್ ಚಿತ್ರ ತಯಾರಿಸಿ ಸಣ್ಣದರ ಕೈಗೆ ಕೊಡ್ತೈತಿ. ಕೆಲಸ ಇಲ್ಲದಾಗ ಅದು ಮಲಗಬೇಕು, ಇಲ್ಲಾಂದ್ರ ಬ್ಯಾಟರಿ ಖಾಲಿ.
2010ರಲ್ಲಿ ಎನ್ವಿಡಿಯಾ ಇದಕ್ಕೆ ಆಪ್ಟಿಮಸ್ ಅಂತ ಹೆಸರಿಟ್ಟು ಮಾರಿತು. ವಿಂಡೋಸ್‌ಗೆ ಡ್ರೈವರ್ ಕೊಟ್ಟಿತು, ಲಿನಕ್ಸ್‌ಗೆ ಕೊಡಲಿಲ್ಲ. ಅಡಿಗೆ ಮನಿ ಕೀಲಿ ಕಂಪನಿ ಕಿಸೆದಾಗ. ನಾವು ಬೈದಿದ್ದು ಬಡಸೋರಿಗೆ.

3/6
ಆಮೇಲೇನಾತು? ಸಂಬಳ ಇಲ್ಲದ ಹುಡುಗರು 2011ರಲ್ಲಿ ಬಂಬಲ್‌ಬೀ ಅನ್ನೋ ದಾರಿ ತಾವೇ ಮಾಡಿಕೊಂಡರು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಾಗ ಒಂದೇ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದು, ಸಿಸ್ಟಮ್ಮಿನ ಮುಖ್ಯ ಫೋಲ್ಡರೇ ಅಳಿಸಿ ಹೋತು. ಜಗತ್ತು ನಕ್ಕಿತು. ಆದ್ರ ಆ ಕೆಲಸ ಮಾಡಬೇಕಾದ ಕಂಪನಿ ಯಾಕ ಸುಮ್ಮನಿತ್ತು ಅಂತ ಕೇಳಿದವರು ಕಡಿಮೆ.
2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಒಬ್ಬರು ಎದ್ದು ನಿಂತು ಆಪ್ಟಿಮಸ್ ಲ್ಯಾಪ್‌ಟಾಪಿನ ಗೋಳು ಹೇಳಿಕೊಂಡರು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್ವಿಡಿಯಾಗೆ ನಡುಬೆರಳು ತೋರಿಸಿದರು. 2013ರಲ್ಲಿ ಅರ್ಧಂಬರ್ಧ ಬೆಂಬಲ ಬಂತು. ಬೇಕಾದ ಆ್ಯಪನ್ನಷ್ಟೇ ದೊಡ್ಡ ಕಾರ್ಡಿನ ಮೇಲೆ ಓಡಿಸೋ ಸೌಲಭ್ಯ ಬಂದಿದ್ದು 2019ಕ್ಕೆ. 2022ರಲ್ಲಿ ಡ್ರೈವರಿನ ಒಂದು ಭಾಗದ ಕೋಡ್ ಬಹಿರಂಗ ಮಾಡಿದರು, ಅದೂ ಹೊಸ ಕಾರ್ಡುಗಳಿಗೆ ಮಾತ್ರ.
ಬಿಕಾಂನವರು ಲೆಕ್ಕ ಹಾಕ್ರಿ. ಕಂಪ್ಯೂಟರಿಗೆ ಈಗ ವರ್ಷಕ್ಕೆ 40% ಸವಕಳಿ. ಮೂರು ವರ್ಷ ಕಾದ್ರ 100 ರೂಪಾಯಿ ಆಸ್ತಿ ಪುಸ್ತಕದಾಗ 21.60 ಆಗ್ತೈತಿ. ಕಾಯಿಸಿದ್ದು ಅವರು, ಸವಕಳಿ ನಮ್ಮದು.

4/6
"ಇಲ್ಲ, ತಪ್ಪು ಲಿನಕ್ಸಿಂದೇ" ಅಂತೀರಾ? ಹಂಗಾದ್ರ ಇದಕ್ಕೆ ಉತ್ತರ ಕೊಡ್ರಿ. ಎಎಂಡಿ ಪ್ರೊಸೆಸರ್ ಜೊತೆ ಎಎಂಡಿ ಕಾರ್ಡೇ ಇರೋ ಲ್ಯಾಪ್‌ಟಾಪಿನಲ್ಲೂ ಎರಡು ಗ್ರಾಫಿಕ್ಸ್. ಅಲ್ಲಿ ಸಾಮಾನ್ಯವಾಗಿ ಡ್ರೈವರ್ ಬ್ಯಾರೆ ಹಾಕೋದೇ ಬೇಕಿಲ್ಲ. ಯಾಕಂದ್ರ ಅದರ ತೆರೆದ ಡ್ರೈವರ್ 2015ರಿಂದ ಲಿನಕ್ಸ್ ಕರ್ನಲ್ ಒಳಗೇ ಐತಿ. ಅದೇ ಲಿನಕ್ಸ್, ಅದೇ ಎರಡು ಗ್ರಾಫಿಕ್ಸ್. ಒಬ್ಬರು ಕೀಲಿ ಕೊಟ್ಟರು, ಇನ್ನೊಬ್ಬರು ಕಿಸೆದಾಗ ಇಟ್ಕೊಂಡರು. ಫರಕು ಅಷ್ಟೇ.

5/6
ಈಗ ಕೈಕಟ್ಟಿ ಕೂಡೋ ಕಾಲ ಅಲ್ಲ. ಉಬುಂಟು ಇದ್ದರ ಹಿಂಗ ಮಾಡ್ರಿ:
▪️ 'ಅಡಿಷನಲ್ ಡ್ರೈವರ್ಸ್' ತೆರೆದು, ಶಿಫಾರಸು ಮಾಡಿದ ಎನ್ವಿಡಿಯಾ ಡ್ರೈವರ್ ಆರಿಸ್ರಿ.
▪️ ಸೆಕ್ಯೂರ್ ಬೂಟ್ ಆನ್ ಇದ್ದರ ಒಂದು ಪಾಸ್‌ವರ್ಡ್ ಕೇಳ್ತೈತಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದ್ರ ಅಂಜಬ್ಯಾಡ್ರಿ. 'ಎನ್‌ರೋಲ್ ಎಂಒಕೆ' ಒತ್ತಿ ಅದೇ ಪಾಸ್‌ವರ್ಡ್ ಕೊಡ್ರಿ. ಇದನ್ನ ದಾಟಿಸಿ ಮುಂದ ಹೋದ್ರ ಡ್ರೈವರ್ ಎದ್ದೇಳಂಗಿಲ್ಲ.
▪️ ಎನ್ವಿಡಿಯಾ ಸೆಟ್ಟಿಂಗ್ಸ್‌ನ 'ಪ್ರೈಮ್ ಪ್ರೊಫೈಲ್ಸ್'ನಾಗ 'ಆನ್ ಡಿಮ್ಯಾಂಡ್' ಇಡ್ರಿ.
▪️ ಆ್ಯಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್' ಆಯ್ಕೆಯಿಂದ ತೆರೀರಿ.
ಕೆಲವು ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಜೋಡಿಸಿರೋದೂ ದೊಡ್ಡ ಕಾರ್ಡಿಗೇ. ಸೆಮಿನಾರ್ ಹಿಂದಿನ ದಿನವೇ ಪ್ರೊಜೆಕ್ಟರ್‌ಗೆ ಹಚ್ಚಿ ನೋಡ್ರಿ.

6/6
"ಬಿಕಾಂ ಓದೋರಿಗೆ ಇದೆಲ್ಲ ಯಾಕ?" ಅಂತ ಕೇಳೋರಿಗೆ: ಟ್ಯಾಲಿ ಬೇಕಾದ್ರ ವಿಂಡೋಸ್ ಇಟ್ಕೊಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಲ್ಯಾಪ್‌ಟಾಪಿಗೆ 11 ಹತ್ತಂಗಿಲ್ಲ. ಅಣ್ಣ ಬಳಸಿದ್ದನ್ನ ತಂಗಿ ಬಳಸೋ ಮನಿಗಳು ನಮ್ಮವು. ಅಂಥ ಮಷಿನ್ ಇನ್ನೂ ನಾಲ್ಕು ವರ್ಷ ಬಾಳಬೇಕಂದ್ರ ಲಿನಕ್ಸ್ ಒಂದು ಒಳ್ಳೇ ದಾರಿ. ಕೇರಳದ ಶಾಲೆಗಳು ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಸ್ತಾವ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗರು ಕಲೀತಾರ, ಬಾದಾಮಿ ತಾಲ್ಲೂಕಿನ ನಮಗೇನು ಕಷ್ಟ?
ಬಿಸಿನೆಸ್ ಲಾ ಕ್ಲಾಸಿನಾಗ ಕೇವಿಯಟ್ ಎಂಪ್ಟರ್ ಓದೀವಿ: ಕೊಳ್ಳುವವನೇ ಎಚ್ಚರದಿಂದಿರಬೇಕು. ಮುಂದಿನ ಸಲ ಅಂಗಡಿಯಾಗ ರ‍್ಯಾಮ್ ಎಷ್ಟು ಅಂತ ಕೇಳಿದ ಮ್ಯಾಲೆ ಇದನ್ನೂ ಕೇಳ್ರಿ: "ಲಿನಕ್ಸಿನಾಗ ಎರಡೂ ಗ್ರಾಫಿಕ್ಸ್ ಓಡ್ತಾವೇನ್ರಿ?" ಅಂಗಡಿಯವರಿಗೆ ಗೊತ್ತಿರಲಿಕ್ಕಿಲ್ಲ. ಹತ್ತು ಮಂದಿ ಕೇಳಿದ್ರ ಅವರು ಡೀಲರ್‌ನ ಕೇಳ್ತಾರ, ಡೀಲರ್ ಕಂಪನಿನ ಕೇಳ್ತಾನ.
ಇನ್ನ ಲಿನಕ್ಸ್ ಬಲ್ಲ ಅಣ್ಣಂದಿರೇ, "ಮ್ಯಾನ್ಯುಯಲ್ ಓದು" ಅಂತ ಹೇಳಿ ಕೈ ತೊಳ್ಕೋಬ್ಯಾಡ್ರಿ. ಅದು ಇಂಗ್ಲಿಷಿನಾಗ ಐತಿ. ಕನ್ನಡದಾಗ ನಾಲ್ಕು ಸಾಲು ಬರೀರಿ. ಕಂಪನಿ ಕಿಸೆಗೆ ಒಂದು ಕೀಲಿ ಸಾಕು, ನೀವು ಇನ್ನೊಂದು ಇಟ್ಕೋಬ್ಯಾಡ್ರಿ.

ಸೇವ್ ಮಾಡ್ಕೊಳ್ರಿ. ಎಲ್ಲಿ ಸಿಕ್ಕಿಬಿದ್ರಿ ಅಂತ ಕಾಮೆಂಟಿನಾಗ ಹಾಕ್ರಿ 👇
#ಕನ್ನಡದಲ್ಲಿಲಿನಕ್ಸ್ #ಎರಡುಕಾರ್ಡ್ #ಬಿಕಾಂಹುಡುಗರು #ಶಿವಯೋಗಮಂದಿರ