ಗಾಯರಾಣ ಹೋದರೆ ಬಡವನ ದನವೂ ಹೋಯಿತು

ಊರ ದನ ಮೇಯುವ ಭೂಮಿಗೆ ನಮ್ಮ ಕಡೆ ಗಾಯರಾಣ ಎನ್ನುತ್ತಾರೆ, ಹಳೆಯ ಮೈಸೂರು ಸೀಮೆಯಲ್ಲಿ ಗೋಮಾಳ. ಹೆಸರು ಬೇರೆಯಾದರೂ ಗತಿ ಒಂದೇ.

ಖಾನಾಪುರ ತಾಲೂಕಿನ ಪಡುವಣಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ, ಸಹ್ಯಾದ್ರಿಯ ಅಡವಿಯಿದೆ. ಮೂಡಣದ ಪಾರಿಶ್ವಾಡದಂಥ ಬಯಲೂರಿಗೆ ಆ ಆಸರೆಯಿಲ್ಲ. ಹೊಲವಿದ್ದವನು ತನ್ನ ಬದುವಿನಲ್ಲಿ ಮೇವು ಕೊಯ್ದಾನು. ಹೊಲವಿಲ್ಲದವನ ಒಂದು ಎಮ್ಮೆ, ನಾಲ್ಕು ಆಡುಗಳಿಗೆ ಗಾಯರಾಣವೇ ದಿಕ್ಕು.

ಕಾನೂನು ಇಲ್ಲವೆಂದಲ್ಲ. ಬೆಳಗಾವಿ ಮುಂಬಯಿ ಇಲಾಖೆಯಲ್ಲಿದ್ದಾಗಲೇ 1879ರ ಭೂಕಂದಾಯ ಕಾಯಿದೆ ಪುಕ್ಕಟೆ ಮೇವಿನ ಭೂಮಿಗೆ ಅವಕಾಶ ಕೊಟ್ಟಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1964ರ ಕಾಯಿದೆಯೂ ಅದನ್ನು ಉಳಿಸಿತು. ಅದರ ನಿಯಮದಂತೆ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಇರಬೇಕು.

ಆದರೆ ಈ ಅಳತೆಯೊಳಗೇ ಒಂದು ಸುಳಿಯಿದೆ. ಗಾಯರಾಣ ಒತ್ತುವರಿಯಾದಂತೆ ಬಡವನು ದನ ಮಾರುತ್ತಾನೆ. ದನ ಕಡಿಮೆಯಾದೊಡನೆ, ಇಷ್ಟು ಭೂಮಿ ಏಕೆ, ಹೆಚ್ಚಾಯಿತಲ್ಲ ಎಂಬ ಲೆಕ್ಕ ಹುಟ್ಟುತ್ತದೆ. ಹೆಚ್ಚಾದದ್ದನ್ನು ಬೇರೆ ಕೆಲಸಕ್ಕೆ ಕೊಟ್ಟರೆ ಉಳಿದ ದನಕ್ಕೂ ಮೇವಿಲ್ಲ! ಇಂದು ರಾಜ್ಯದ 190 ಲಕ್ಷ ಹೆಕ್ಟೇರ್‌ನಲ್ಲಿ ಕಾಯಂ ಹುಲ್ಲುಗಾವಲು ಸುಮಾರು 9 ಲಕ್ಷ ಹೆಕ್ಟೇರ್ ಮಾತ್ರ; ಆರು ದಶಕಗಳ ಹಿಂದೆ ಇದಕ್ಕಿಂತ ಎಷ್ಟೋ ಹೆಚ್ಚಿತ್ತು.

ಹೊಟ್ಟೆಪಾಡಿಗೆ ಎರಡೆಕರೆ ಉತ್ತ ಭೂಹೀನನ ಮೇಲೆ ನಮ್ಮ ಕೋಪವಿಲ್ಲ. ಬಗರ್ ಹುಕುಂ ಸಕ್ರಮ ಬಂದದ್ದು ಅವನ ಹೆಸರಿನಲ್ಲಿಯೇ. ಅವನ ಬೆನ್ನ ಹಿಂದೆ ಅಡಗಿ ಬೇಲಿ ಸರಿಸುವ ಬಲಾಢ್ಯನನ್ನು ಕೇಳಬೇಕಾಗಿದೆ. 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರೊಟ್ಟಿನ ಭೂಮಿಯ ಒತ್ತುವರಿ ತೆರವುಮಾಡಿ ಊರಿಗೇ ಮರಳಿಸಿರಿ ಎಂದು ಎಲ್ಲ ರಾಜ್ಯಗಳಿಗೆ ಆಜ್ಞಾಪಿಸಿತು. ಭೂಹೀನರಿಗೆ ಸರಕಾರ ಗುತ್ತಿಗೆ ಕೊಟ್ಟ ಭೂಮಿಯಂಥವಕ್ಕಷ್ಟೇ ವಿನಾಯಿತಿಗೆ ಎಡೆಯಿಟ್ಟಿತು. ಬಡವ ಯಾರು, ಕಬಳಿಸಿದವನು ಯಾರು ಎಂಬ ಭೇದ ನ್ಯಾಯಾಲಯಕ್ಕೆ ಕಂಡಿದೆ, ಕಚೇರಿಗಳಿಗೇಕೆ ಕಾಣಬಾರದು?

ಪೇಟೆಯಲ್ಲಿರುವ ನಮಗೇನು ಎನ್ನಬೇಡಿರಿ. ಗಿರಣಿ ಕಾರ್ಮಿಕನ ಮುಪ್ಪಿನ ತಂದೆತಾಯಿ ಹಳ್ಳಿಯಲ್ಲಿ ಕಟ್ಟಿದ ಎಮ್ಮೆ ಅವರ ಪಿಂಚಣಿ. ಚಹದಂಗಡಿಯವನು ಕೊಳ್ಳುವ ಹಾಲಿನ ದರದಲ್ಲಿ ಮೇವಿನ ದರವೂ ಕೂಡಿದೆ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ನಿಮ್ಮ ನಿಮ್ಮ ಊರಿಗೆ ಹೋಗಿರಿ. ಉತಾರದಲ್ಲಿ ಗಾಯರಾಣ ಎಷ್ಟು ಎಕರೆ, ನೆಲದ ಮೇಲೆ ಎಷ್ಟು, ಊರಲ್ಲಿ ದನ ಎಷ್ಟು, ಈ ಮೂರು ಅಂಕಿಗಳನ್ನು ಗಟ್ಟಿಯಾಗಿ ಓದಿಸಿ ಬರೆಯಿಸಿರಿ. ಮೋಜಣಿ ಮಾಡಿಸಿ ಗಡಿಕಲ್ಲು ನೆಡಿಸಿರಿ. ಅಷ್ಟಾಗದೆ ಒಂದು ಗುಂಟೆಯನ್ನೂ ಬಿಟ್ಟುಕೊಡಲಾಗದು.