ಕೊಳ್ಳೇಗಾಲದ ಕ್ಯಾಟ್‌ವಾಕ್

ಪ್ಯಾರಿಸ್ಸಿನಲ್ಲಿ ವಸಂತ ಕಾಲಿಡುವುದು ಸೆಪ್ಟೆಂಬರ್ ಕೊನೆಯಲ್ಲಿ. ಗಾಬರಿ ಬೇಡ, ಪಂಚಾಂಗ ಸರಿಯಾಗಿಯೇ ಇದೆ. ಬರುವ ವಸಂತದಲ್ಲಿ ಜನ ಏನು ತೊಡಬೇಕೆಂಬುದನ್ನು ಆರು ತಿಂಗಳು ಮೊದಲೇ ತೀರ್ಮಾನಿಸಿ ತೋರಿಸುವುದು ಫ್ಯಾಷನ್ ಲೋಕದ ಪದ್ಧತಿ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಹೀಗೆ ಒಂದರ ಬೆನ್ನಿಗೊಂದು ಊರಿನಲ್ಲಿ ಕಡ್ಡಿಯಂಥ ಹುಡುಗಿಯರು ನಗದೆ, ತಿರುಗಿ ನೋಡದೆ ನಡೆದು ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತವರು ಬಣ್ಣ, ಅಂಚು, ತುಟಿರಂಗು ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಅಂಗಡಿಗೆ ಮಾಲು ಬರಲು ಅಷ್ಟು ಕಾಲ ಬೇಕಲ್ಲ!

ಕೊಳ್ಳೇಗಾಲದ ದೇವಾಂಗ ನೇಕಾರರಿಗೆ ಇದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇನೂ ಆಗದು. ಯುಗಾದಿ ಕಳೆದು ಲಗ್ನಗಳು ಶುರುವಾದಾಗ ಅಂಗಡಿಯ ಬಿಳಿ ಹಾಸಿಗೆಯ ಮೇಲೆ ಬಿಚ್ಚಿ ಹರಡುವ ಸೀರೆಯ ಬಣ್ಣ ಎಷ್ಟೋ ಮೊದಲೇ ಗೊತ್ತಾಗಿರುತ್ತದೆ. ಹಾಸಿನ ನೂಲಿಗೆ ಒಮ್ಮೆ ಬಣ್ಣ ಕಟ್ಟಿ ಮಗ್ಗಕ್ಕೆ ಏರಿಸಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಒಂದು ಹಾಸಿನಲ್ಲಿ ಎರಡು, ಮೂರು ಸೀರೆ ಇಳಿಯುತ್ತವೆ. ಹೊಕ್ಕಿನಲ್ಲಿ, ಸೆರಗಿನಲ್ಲಿ ಆಟವಾಡಬಹುದು, ಮೈಬಣ್ಣದಲ್ಲಿ ಅಷ್ಟು ಸುಲಭವಲ್ಲ. ಮುಂದಿನ ವೈಶಾಖದಲ್ಲಿ ಹುಡುಗಿಯರು ಏನು ಕೇಳಿಯಾರು ಎಂದು ಕಾರ್ತಿಕದಲ್ಲೇ ಊಹಿಸುವ ನೇಕಾರ ಪ್ಯಾರಿಸ್ಸಿನ ವಿನ್ಯಾಸಕಾರನಷ್ಟೇ ದೊಡ್ಡ ಜೂಜುಗಾರ. ಸೋತರೆ ಮಾತ್ರ ಇವನ ಬೆನ್ನಿಗೆ ಬ್ಯಾಂಕಿಲ್ಲ.

ಪ್ಯಾರಿಸ್ಸಿಗೂ ಈ ಬೀದಿಗೂ ಇನ್ನೊಂದು ನಂಟುಂಟು. ಮಗ್ಗದ ನೆತ್ತಿಯ ಮೇಲೆ ಕುಳಿತು, ತೂತು ಕೊರೆದ ರಟ್ಟುಗಳನ್ನು ಒಂದೊಂದಾಗಿ ತಿರುಗಿಸುತ್ತ ಅಂಚಿಗೆ ಹಂಸ, ಮಾವು, ರುದ್ರಾಕ್ಷಿ ಮೂಡಿಸುವ ಪೆಟ್ಟಿಗೆಯಿದೆಯಲ್ಲ, ಆ ಜಕಾರ್ಡ್, ಫ್ರಾನ್ಸಿನ ಲಿಯೋನ್ ಪಟ್ಟಣದ ರೇಷ್ಮೆಯವನ ಹೆಸರು. 1804ರಲ್ಲಿ ಆತ ರೂಪಿಸಿದ ಯಂತ್ರ ಅದು. ನಮ್ಮವರ ಬಾಯಲ್ಲಿ ಅದು ಎಂದೋ ಕನ್ನಡದ ಮಾತಾಗಿಬಿಟ್ಟಿದೆ.

ಈಗಿನ ಒಲವು ಏನು? ಮೊದಲನೆಯದು, ತೆಳು ಬಣ್ಣ. 2017ರ ಡಿಸೆಂಬರಿನಲ್ಲಿ ಅನುಷ್ಕಾ ಶರ್ಮಾ ಮಾಸಲು ಗುಲಾಬಿ ಲೆಹೆಂಗಾ ತೊಟ್ಟು ಇಟಲಿಯಲ್ಲಿ ಹಸೆಮಣೆ ಏರಿದ್ದೇ ತಡ, ಅರಿಶಿನ, ಕುಂಕುಮ, ಗಿಳಿಹಸಿರುಗಳ ದರ್ಬಾರಿಗೆ ಕುತ್ತು ಬಂತು. ತಿಳಿ ನೇರಿಳೆ, ಹಾಲಿಗೆ ಕೇಸರಿ ಬೆರೆಸಿದ ಬಣ್ಣ, ಒಗೆದೊಗೆದು ಬಿಳಿಚಿದಂಥ ಹಸಿರು ಇವೆಲ್ಲ ಮುಹೂರ್ತಕ್ಕೂ ಬಂದವು. ಫೋಟೋದಲ್ಲಿ ಚೆಂದ, ಒಪ್ಪುತ್ತೇನೆ. ಆದರೆ ಹನೂರಿನ ಬಿಸಿಲಿನಲ್ಲಿ, ಚಪ್ಪರದ ಕೆಳಗೆ, ಎಣ್ಣೆಗೆಂಪು ಸೀರೆಯುಟ್ಟ ಅತ್ತೆಯ ಪಕ್ಕದಲ್ಲಿ ತೆಳುಬಣ್ಣದ ಮದುಮಗಳು ಜ್ವರದಿಂದ ಎದ್ದವಳಂತೆ ಕಾಣುತ್ತಾಳೆ ಎಂಬುದು ನನ್ನ ಹಳೆಗಣ್ಣಿನ ದೂರು.

ಎರಡನೆಯದು ರವಿಕೆ. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಬಂದಾಗ ಮಾಧುರಿ ದೀಕ್ಷಿತಳ ನೇರಿಳೆ ಸೀರೆಗೂ ಬೆನ್ನು ತೆರೆದ ರವಿಕೆಗೂ ದೇಶವೇ ಮರುಳಾಗಿತ್ತು. ಆಗಲೂ ಸೀರೆಯ ಬೆಲೆಯೇ ಮೇಲಿತ್ತು. ಈಗ ರವಿಕೆಯ ಹೊಲಿಗೆ, ಕಸೂತಿ, ಮಣಿಕೆಲಸಗಳ ಖರ್ಚು ಎಷ್ಟೋ ಸಲ ಸೀರೆಯನ್ನೇ ಮೀರಿಸುತ್ತದೆ. ಅದಕ್ಕೆ ದರ್ಜಿಗಳು ಇಟ್ಟಿರುವ ಹೆಸರೇನು ಗೊತ್ತೆ? ‘ಮಗ್ಗಂ ವರ್ಕ್’! ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಸೂಜಿಯಿಂದ ಮಾಡುವ ಕೆಲಸ ಅದು, ಲಾಳಿಯೂ ಇಲ್ಲ, ಹಾಸೂ ಇಲ್ಲ. ನಿಜವಾದ ಮಗ್ಗದ ಊರಿನಲ್ಲಿ ಮಗ್ಗದ ಹೆಸರು ಹೊತ್ತು ದುಡಿಯುತ್ತಿರುವುದು ಸೂಜಿ.

ಮೂರನೆಯದು ಹಗುರ. ‘ತೂಕ ಬೇಡ, ನಿರಿಗೆ ನಿಲ್ಲಬೇಕು’ ಎಂಬುದೇ ಈಗ ಗಿರಾಕಿಯ ಮೊದಲ ಮಾತು. ಮಡಿಕೆಯನ್ನು ಮೊದಲೇ ಇಸ್ತ್ರಿ ಮಾಡಿ ಕೊಡುವವರು, ಸೀರೆಯನ್ನು ಲಂಗದಂತೆ ಹೊಲಿದು ಕೊಡುವವರು ಇದ್ದಾರೆ. ಇದರಲ್ಲಿ ನನಗೆ ತಕರಾರಿಲ್ಲ, ಸೀರೆ ಉಡಲು ಬಾರದ ಹುಡುಗಿ ಸೀರೆ ಬಿಡುವುದಕ್ಕಿಂತ ಇದು ಮೇಲು. ತಕರಾರಿರುವುದು ಹಗುರವನ್ನು ಯಾವುದರಿಂದ ಸಾಧಿಸುತ್ತಾರೆ ಎಂಬಲ್ಲಿ.

ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಸೂರತ್ತಿನಿಂದ ಬರುತ್ತದೆ. ಮೈಸೂರು ರೇಷ್ಮೆ ಸೀರೆಯ ಸರ್ಕಾರಿ ನಿಗಮದವರು ತಮ್ಮ ಜರಿಯಲ್ಲಿ ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ ಇದೆಯೆಂದು ಹೇಳುತ್ತಾರೆ. ಅದರ ಕೆಳಗಿನ ಮೆಟ್ಟಿಲಲ್ಲಿ ತಾಮ್ರದ ತಂತಿಯ ಜರಿ. ಅದಕ್ಕೂ ಕೆಳಗೆ ಮಿಂಚುವ ಪ್ಲಾಸ್ಟಿಕ್ಕು. ಮೊದಲ ದಿನ ಮೂರೂ ಹೊಳೆಯುತ್ತವೆ, ಪ್ಲಾಸ್ಟಿಕ್ಕು ತುಸು ಹೆಚ್ಚೇ ಹೊಳೆಯುತ್ತದೆ! ಸೀರೆಯ ಮೂಲೆಯಿಂದ ಒಂದೆಳೆ ಜರಿ ಎಳೆದು ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ಕಂಡರೆ ಸಮಾಧಾನಪಡಬಹುದು. ಹಾಗೆಯೇ ಒಡಲಿನ ಎರಡು ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗಬೇಕು. ಕರಗಿ ಗಟ್ಟಿ ಮಣಿಯಾದರೆ ಅದು ಹುಳು ನೂತದ್ದಲ್ಲ. ಈ ತಾಪತ್ರಯ ಬೇಡವೆನ್ನುವವರಿಗೆ 2004ರಿಂದ ಸಿಲ್ಕ್ ಮಾರ್ಕ್ ಚೀಟಿಯಿದೆ. ಅದು ಬಟ್ಟೆ ಅಪ್ಪಟ ರೇಷ್ಮೆ ಎಂದಷ್ಟೇ ಹೇಳುತ್ತದೆ. ಕೈಮಗ್ಗವೋ ವಿದ್ಯುತ್ ಮಗ್ಗವೋ, ಅಂಚಿನಲ್ಲಿರುವುದು ಬೆಳ್ಳಿಯೋ ತಾಮ್ರವೋ, ಆ ಚೀಟಿಗೆ ಸಂಬಂಧವಿಲ್ಲ.

ಈ ಊರಿನ ಜರಿಬಟ್ಟೆಯ ಹೆಸರು ಬ್ರಿಟಿಷರ ಗೆಜೆಟಿಯರಿನಲ್ಲೇ ಉಂಟು. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. 1956ರಲ್ಲಿ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ, ಮನೆಯೊಳಗೆ ತಟ್ಟೆ ಚಂದ್ರಿಕೆ, ಪಟ್ಟಣದಲ್ಲಿ ಗೂಡಿನ ಮಾರುಕಟ್ಟೆ, ಬೀದಿಯಲ್ಲಿ ಮಗ್ಗ. ಎಲೆಯಿಂದ ಸೆರಗಿನವರೆಗೆ ಎಲ್ಲವೂ ಒಂದು ಹಗಲಿನ ನಡಿಗೆಯೊಳಗೇ ಸಿಗುತ್ತಿದ್ದ ಊರು ಇದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಚೀನಾದ ನೂಲು ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು, ರಾಜ್ಯದ ಎಷ್ಟೋ ಕಡೆ ರೈತರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಕಿತ್ತ ಗಿಡ ಅಷ್ಟು ಬೇಗ ಚಿಗುರುತ್ತದೆಯೇ? ನೇಕಾರನ ಸಂಕಟ ಮಾತ್ರ ತಿರುವುಮುರುವು, ಗೂಡಿನ ಬೆಲೆ ಏರಿದರೆ ಅವನಿಗೆ ನೂಲು ಎಟುಕದು. ರೈತನೂ ನೇಕಾರನೂ ಒಟ್ಟಿಗೆ ನಕ್ಕ ವರ್ಷ ಅಪರೂಪ.

1985ರಲ್ಲಿ ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯೇ ಬಂತು, ಈಗ ಆ ಪಟ್ಟಿಯಲ್ಲಿ 11 ಬಗೆಗಳಿವೆ, ಸೀರೆಯೂ ಸೇರಿದೆ. ಕಾಯಿದೆ ಕಪಾಟಿನಲ್ಲಿದೆ, ವಿದ್ಯುತ್ ಮಗ್ಗದ ಸದ್ದು ಬೀದಿಯಲ್ಲಿದೆ. ಗಿರಾಕಿಗೆ ವ್ಯತ್ಯಾಸ ಗೊತ್ತಿಲ್ಲದಿದ್ದಾಗ ಅಗ್ಗದ್ದೇ ಗೆಲ್ಲುತ್ತದೆ. ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ದಿನಗಟ್ಟಲೆ ಕೂರುವ ಕೆಲಸಕ್ಕೆ ಮಗನನ್ನು ಹಚ್ಚಲು ಈಗ ಯಾವ ತಂದೆಗೂ ಮನಸ್ಸಿಲ್ಲ. ಹಚ್ಚಲೆಂದು ಉಪದೇಶ ಮಾಡಲು ನಮಗೂ ಹಕ್ಕಿಲ್ಲ.

ಹೋಗಲಿ, ಸೌಂದರ್ಯದ ಮಾತಿಗೆ ಬರೋಣ. ಹನೂರು ದಾಟಿ ತಾಳಬೆಟ್ಟದ ಮೆಟ್ಟಿಲು ಹತ್ತುವವರನ್ನು ಶಿವರಾತ್ರಿ, ಯುಗಾದಿಯ ಹೊತ್ತಿನಲ್ಲಿ ನೋಡಿ. ಸಾವಿರಾರು ಜನ, ಬರಿಗಾಲು, ಕಾವಿಯೋ ಹಳದಿಯೋ ಮೈಮೇಲೆ, ಹಣೆಯ ತುಂಬ ವಿಭೂತಿ. ಮಾದಪ್ಪನ ಕಂಸಾಳೆ ಗುಡ್ಡರ ಕೊರಳ ರುದ್ರಾಕ್ಷಿ, ಹೆಗಲ ಜೋಳಿಗೆ ಯಾವ ಋತುವಿನ ಫ್ಯಾಷನ್ನಿಗೂ ಜಗ್ಗಿಲ್ಲ. ಇಳಿದು ಬರುವಾಗ ಅನೇಕರ ತಲೆ ಬೋಳು, ಗಂಧ ಮೆತ್ತಿರುತ್ತದೆ. ಹೆಂಗಸರೂ ಮುಡಿ ಕೊಡುತ್ತಾರೆ, ಮಕ್ಕಳಿಗೂ ಕೊಡಿಸುತ್ತಾರೆ. ಆ ಕೂದಲು ಹರಾಜಾಗುತ್ತದೆ.

ಇಂಥ ಹರಕೆ ಕೂದಲಿನ ಪಯಣ ದೊಡ್ಡದು. 2004ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಹೆಂಗಸರ ಬೆಲೆಬಾಳುವ ವಿಗ್ಗುಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಅದರಲ್ಲಿನ ಕೂದಲು ತಿರುಪತಿಯಂಥ ಕಡೆ ದೇವರಿಗೆ ಅರ್ಪಿಸಿದ್ದು, ಆದ್ದರಿಂದ ತಮಗೆ ನಿಷಿದ್ಧ ಎಂದು ಅವರ ಧರ್ಮಗುರುಗಳು ತೀರ್ಪು ಕೊಟ್ಟಿದ್ದರು. ತನ್ನ ಜಡೆಯ ಮೇಲೆ ಇಷ್ಟೆಲ್ಲ ಶಾಸ್ತ್ರಾರ್ಥ ನಡೆದೀತೆಂದು ಮುಡಿ ಕೊಟ್ಟ ತಾಯಿ ಕನಸಿನಲ್ಲೂ ನೆನೆದಿರಲಾರಳು. ಮಗುವಿನ ಜ್ವರ ಇಳಿದಿತ್ತು, ಅಷ್ಟೇ ಅವಳ ಲೆಕ್ಕ.

ಇನ್ನು ಯಳಂದೂರಿನ ಕಡೆಗೆ ಹೊರಳಿದರೆ ಪಾದರಕ್ಷೆ. ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನಿಂದ ಹೊಸ ತೊಗಲಿನ ಜೋಡು ಬರುತ್ತದೆ. ಮನುಷ್ಯರ ಕಾಲಿಗೆ ಆಗುವ ಅಳತೆಯದಲ್ಲ, ಒಂದೊಂದೂ ಅಡಿಗಿಂತ ಉದ್ದ. ರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ಭಾವ. ಕಾಡೆಲ್ಲ ಸುತ್ತುವ ಭಾವನ ಜೋಡು ಸವೆಯುವುದು ಸಹಜ. ಜಾತ್ರೆಗೆ ಬಂದವರು ರೇಷ್ಮೆ ಸೆರಗು ಸರಿಮಾಡಿಕೊಂಡು, ಮಲ್ಲಿಗೆ ಬಾಡದಂತೆ ಹಿಡಿದುಕೊಂಡು ಸಾಲಿನಲ್ಲಿ ನಿಂತು, ಆ ಜೋಡಿನಿಂದ ತಲೆಯ ಮೇಲೊಂದು ಪೆಟ್ಟು ಹಾಕಿಸಿಕೊಂಡು ಹೋಗುತ್ತಾರೆ.